ಬಟ್ಟೆಯಿಲ್ಲದ ಹೊಲಿಗೆ

ಮಹಡಿಯ ಕೋಣೆಯಲ್ಲಿ ಹೊಲಿಗೆ ಯಂತ್ರ ಸದ್ದು ಮಾಡುತ್ತಿರುವಷ್ಟು ಹೊತ್ತು, ಕೆಳಗೆ ಅಂಗಡಿಯಲ್ಲಿ ಕುಳಿತ ಅಕ್ಕನಿಗೆ ಜೀವದಲ್ಲಿ ಜೀವ. ತಮ್ಮನಿಗೆ ಸುಲಭದ ಮದ್ದಿಗೆ ಬಗ್ಗದ ಕ್ಷಯ. ಕಫದ ಪರೀಕ್ಷೆ ಸರಿಬರುವವರೆಗೆ ಒಬ್ಬನೇ ಇರಬೇಕೆಂದು ಆಸ್ಪತ್ರೆಯವರು ಕಟ್ಟುನಿಟ್ಟಾಗಿ ಹೇಳಿದ್ದರು. ತಿಂಗಳುಗಳು ಉರುಳಿದವು. ಅವಳು ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಕೆಳಗಿಳಿದ ಮೇಲಷ್ಟೇ ಆ ಬಾಗಿಲು ತೆರೆಯುತ್ತಿತ್ತು.

ಸುಮ್ಮನೆ ಕುಳಿತರೆ ತಲೆ ಕೆಡುತ್ತದೆಂದು ಅವಳೇ ಯಂತ್ರವನ್ನು ಮೇಲೆ ಹೊರಿಸಿದ್ದಳು. ಜೊತೆಗೆ ಹಳೆಯ ಹೊದಿಕೆಗಳ ಗಂಟು, ಅವನ ಕತ್ತರಿ.

"ಮನೆಗೆ ದಿಂಬಿನ ಗೌಸು ಹೊಲಿ. ಹಾಳು ಮಾಡಿದ್ರೂ ಬೈಯೋ ಗಿರಾಕಿ ನಾನೊಬ್ಳೇ."

"ನಿನಗಿಂತ ಕೆಟ್ಟ ಗಿರಾಕಿ ಇನ್ಯಾರಿದ್ದಾರೆ ಬಿಡು" ಎಂದು ಅವನು ಒಳಗಿನಿಂದಲೇ ನಕ್ಕಿದ್ದ.

ಬರಬರುತ್ತಾ ನಗು ನಿಂತಿತು, ಮಾತು ಸೊರಗಿತು. "ಹೇಗಿದ್ದೀಯೋ?" ಎಂದರೆ "ಇದ್ದೀನಿ" ಅಷ್ಟೇ. ಆದರೂ ಯಂತ್ರ ನಡೆಯುತ್ತಿತ್ತಲ್ಲ.

ಆ ಮಧ್ಯಾಹ್ನ ಅಂಗಿಯೊಂದಕ್ಕೆ ಗುಂಡಿ ಹಾಕುತ್ತಿದ್ದ ಅವಳ ಸೂಜಿ ತೂತಿನಲ್ಲೇ ನಿಂತುಬಿಟ್ಟಿತು.

ಮೇಲಿನ ಸದ್ದಿಗೆ ಬಿಡುವೇ ಇರಲಿಲ್ಲ.

ಗೌಸಿಗೆ ಮೂಲೆಗಳಿವೆ. ಮೂಲೆ ಬಂದಾಗ ಯಂತ್ರ ನಿಲ್ಲಬೇಕು, ಬಟ್ಟೆ ತಿರುಗಬೇಕು. ದಾರ ಕಡಿದರೆ ಬೈಗುಳವೊಂದು ಉದುರಬೇಕು. ಇದೋ ಗಾಣದೆತ್ತಿನಂತೆ ಒಂದೇ ಸಮನೆ ಸುತ್ತುತ್ತಿತ್ತು. ಸೂಜಿಯಡಿ ಬಟ್ಟೆಯಿದ್ದರೆ ಸದ್ದು ಮೆತ್ತಗಿರುತ್ತದೆ. ಇದು ಕಬ್ಬಿಣಕ್ಕೆ ಕಬ್ಬಿಣ ತಾಗುವ ಕಟಕಟ. ದಾರ ಬೇಕೆಂದು ಅವನು ಕೂಗಿದ್ದು ಯಾವಾಗ? ನೆನಪಾಗಲಿಲ್ಲ.

ಮಾಸ್ಕ್ ಬಿಗಿದು ಮೆಟ್ಟಿಲೇರಿ ಬಾಗಿಲಿನ ಹೊರಗೆ ಕುಳಿತಳು.

"ಏನೋ ಹೊಲಿತಿದ್ದೀಯ?"

"ಗೌಸು."

"ಬಟ್ಟೆ ಇಲ್ಲದ ಗೌಸಾ? ಯಾವ ದಿಂಬಿಗೋ?"

ಯಂತ್ರ ನಿಂತಿತು. ಬಾಗಿಲು ಒಡೆದೇಬಿಡಲೇ ಎಂದು ಅವಳು ಎದ್ದು ನಿಂತಾಗ ಒಳಗಿನಿಂದ ದನಿ ಬಂತು.

"ಸದ್ದು ನಿಂತ್ರೆ ನೀನು ಗಾಬರಿ ಆಗ್ತೀಯ ಅಂತ ತುಳಿತಿದ್ದೆ ಅಕ್ಕ. ಹೊಲಿಯೋದು ಬಿಟ್ಟು ಬಹಳ ದಿನ ಆಯ್ತು. ಕೈಯೇ ಏಳಲ್ಲ."

"ಹೇಳೋಕೆ ಬಾಯಿರಲಿಲ್ವಾ?"

"ಹೇಳಿದ್ರೆ ನೀನು ಒಳಗೆ ನುಗ್ತೀಯ. ನಿನಗೂ ಅಂಟುತ್ತೆ." ಒಳಗೆ ಕುರ್ಚಿ ಸರಿದ ಸದ್ದಾಯಿತು. "ಸ್ವಲ್ಪ ಕೆಳಗಿಳಿ. ಒಂದು ಸಾಮಾನು ಇಡ್ತೀನಿ, ತಗೊಂಡು ಹೋಗು."

ಅವಳು ಮೆಟ್ಟಿಲ ತಿರುವಿಗೆ ಇಳಿದಳು. ಬಾಗಿಲು ಅಂಗೈಯಗಲ ತೆರೆದು ಮುಚ್ಚಿತು. ಹೊಸ್ತಿಲಲ್ಲಿ ಅವನ ದೊಡ್ಡ ಕತ್ತರಿಯಿತ್ತು.

"ಅದು ನನ್ನ ಹತ್ರ ಇರೋದು ಬೇಡ."

ಅರ್ಥವಾಗದಷ್ಟು ಎಳೆಯಳಲ್ಲ ಅವಳು. ಆದರೂ ಕೇಳಿದಳು. "ಸಾಯ್ಬೇಕು ಅನ್ನಿಸ್ತಾ?"

"ಒಮ್ಮೊಮ್ಮೆ. ಈಗ ನೀನು ಇಲ್ಲೇ ಇದ್ದೀಯಲ್ಲ."

ಕತ್ತರಿಯನ್ನು ಸೆರಗಿನಲ್ಲಿ ಸುತ್ತಿಕೊಂಡೇ ಅವಳು ಆಸ್ಪತ್ರೆಗೆ ಫೋನು ಮಾಡಿದಳು. ನರ್ಸಮ್ಮ ಪ್ರಶ್ನೆ ಬೆಳೆಸಲಿಲ್ಲ. "ಮನಸ್ಸಿನ ಡಾಕ್ಟರು ಈಗಲೇ ಮಾತಾಡ್ತಾರೆ. ಫೋನು ಅವರಿಗೆ ಕೊಡಿ. ನೀವು ಅಲ್ಲೇ ಇರಿ."

ಫೋನು ಹೊಸ್ತಿಲು ದಾಟಿತು. ಒಳಗೆ ಬಹಳ ಹೊತ್ತು ಪಿಸುಮಾತು, ನಡುವೆ ಅಳು. ಅವಳು ಗುಂಡಿಯ ಡಬ್ಬಿಯನ್ನೂ ಗಿರಾಕಿಗಳ ಅಂಗಿಗಳನ್ನೂ ತಂದು ತಿರುವಿನಲ್ಲೇ ಅಂಗಡಿ ಹೂಡಿದಳು. ಕೆಳಗಿದ್ದ ಇನ್ನೊಂದು ಹಳೆಯ ಹೊದಿಕೆಯನ್ನು ಗೌಸಿನ ಅಳತೆಗೆ ಕತ್ತರಿಸಿ ಹೊಸ್ತಿಲಲ್ಲಿಟ್ಟಳು.

"ಆದ್ರೆ ಹೊಲಿ, ಆಗ್ದಿದ್ರೆ ಬಿಡು. ಸುಳ್ಳು ಸದ್ದು ಮಾತ್ರ ಬೇಡ ಕಣೋ."

ಸಂಜೆ ಯಂತ್ರ ಮೆತ್ತಗೆ ನಾಲ್ಕು ಹೆಜ್ಜೆ ನಡೆದು ಗಕ್ಕನೆ ನಿಂತಿತು. ಅವಳ ಸೂಜಿಯೂ ನಿಂತಿತು.

"ಯಾಕೋ?"

"ಮೂಲೆ ಬಂತು."

ನಂಬಬೇಕೆಂದುಕೊಂಡಳು. ಆದರೂ ಯಂತ್ರ ಮತ್ತೆ ಹೊರಡುವವರೆಗೆ ಉಸಿರು ಬಿಗಿಹಿಡಿದೇ ಕುಳಿತಿದ್ದಳು.