ಇಷ್ಟು ಬೇಗ ಮಂಜೂರಾಯ್ತಾ?

ಡಾಕ್ಟರು ಪುಟ್ಟಿಯೊಬ್ಬಳನ್ನೇ ಒಳಗೆ ಕರೆದು ವಿಷಯ ಹೇಳಿದ್ದರು: ಅತ್ತಿಗೆಗೆ ಇನ್ನು ಆರು ತಿಂಗಳಿದ್ದರೆ ಹೆಚ್ಚು. ನಲವತ್ತು ದಾಟಿದವಳನ್ನು ಇನ್ನೂ ‘ಪುಟ್ಟಿ’ ಎನ್ನುತ್ತಿದ್ದವಳು ಆ ಅತ್ತಿಗೆಯೊಬ್ಬಳೇ. ಅಣ್ಣ ತೀರಿಕೊಂಡ ಮೇಲೆ ಒಂದೇ ಸೂರಿನಡಿ ಇಬ್ಬರೇ ಉಳಿದಿದ್ದರು. ಅವಳ ಮುಂದೆ ಈ ಮಾತೆತ್ತಲು ಪುಟ್ಟಿಗೆ ಬಾಯಿ ಬರಲಿಲ್ಲ.

ಕಾಯಿಲೆಯವರಿಗೆ ಸರ್ಕಾರಿ ಭತ್ಯೆ ಕೊಡುವ ಕಚೇರಿಯ ಗುಮಾಸ್ತ ದನಿ ತಗ್ಗಿಸಿ ಹೇಳಿದ: “ಗುಣವಾಗೋ ಕಾಯಿಲೆಯಲ್ಲ, ದಿನ ಕಮ್ಮಿ ಅಂತ ಡಾಕ್ಟ್ರು ಬರೆದುಕೊಟ್ರೆ ತಪಾಸಣೆ ಇಲ್ಲ, ಕಾಯಿಸೋದೂ ಇಲ್ಲ ಅಕ್ಕಾ. ಮನೆಯೋರೇ ಅರ್ಜಿ ಹಾಕಬಹುದು. ರೋಗಿಗೆ ತಿಳಿಸಲೇಬೇಕು ಅಂತ ನಿಯಮವೇನಿಲ್ಲ.”

ಕೊನೆಯ ಮಾತು ಕೇಳಿ ಪುಟ್ಟಿಗೆ ಹೋದ ಜೀವ ಬಂದಂತಾಯಿತು.

ವಾರದೊಳಗೆ ಅತ್ತಿಗೆಯ ಫೋನಿಗೆ ಬ್ಯಾಂಕಿನ ಸಂದೇಶ ಬಂತು. ದಿಂಬಿಗೊರಗಿ ಅಂಗಿಗೆ ಗುಂಡಿ ಹಚ್ಚುತ್ತಿದ್ದವಳು ಕಣ್ಣು ಕಿರಿದು ಮಾಡಿ ಓದಿದಳು.

“ಯಾವ ದುಡ್ಡೇ ಇದು ಪುಟ್ಟಿ?”

“ಕಾಯಿಲೆಯೋರಿಗೆ ಸರ್ಕಾರ ಕೊಡತ್ತಲ್ಲ ಅತ್ತಿಗೆ, ಅದು.”

“ಅರ್ಜಿ ಯಾವಾಗ ಹಾಕಿದ್ದೆ?”

“ಮೊನ್ನೆ ಮೊನ್ನೆ.”

ಅತ್ತಿಗೆ ಸೂಜಿ ಕೆಳಗಿಟ್ಟಳು. “ನಿಮ್ಮಣ್ಣ ಹೋದಾಗ ವಿಧವಾ ವೇತನಕ್ಕೆ ಎರಡು ವರ್ಷ ಚಪ್ಪಲಿ ಸವೆಸಿದೋಳು ನಾನು. ಇಷ್ಟು ಬೇಗ ಮಂಜೂರಾಯ್ತು ಅಂದ್ರೆ... ಎಷ್ಟು ದಿನ ಅಂದ್ರು ಡಾಕ್ಟ್ರು?”

ಪುಟ್ಟಿಗೆ ಮಾತಿನ ಬದಲು ಅಳುವೇ ಬಂತು. ಅತ್ತಿಗೆ ಅವಳ ತಲೆಯನ್ನು ಮಡಿಲಿಗೆಳೆದುಕೊಂಡಳು.

“ಒಬ್ಬಳೇ ಹೊಟ್ಟೇಲಿಟ್ಕೊಂಡು ಒದ್ದಾಡಿದ್ಯಾ, ಹುಚ್ಚಿ? ಕೊನೆಗೂ ಆ ಕಚೇರಿಯೋರು ನಂಗೆ ಮರ್ಯಾದೆ ಕೊಟ್ರು ನೋಡು!”

ಅಳುತ್ತಿದ್ದ ಪುಟ್ಟಿಗೆ ನಗು ತಡೆಯಲಾಗಲಿಲ್ಲ.

“ದುಡ್ಡು ಬಂತಲ್ಲ, ನಾಳೆಯಿಂದ ಕಾರ್ಖಾನೆಗೆ ಹೋಗಬೇಡ,” ಎಂದಳು ಅತ್ತಿಗೆ. “ಔಷಧಿ ಪಕ್ಕದ್ಮನೆಯೋಳೂ ಕೊಡ್ತಾಳೆ. ಆದ್ರೆ ಅವಳ ಹತ್ರ ಜಗಳ ಆಡೋಕಾಗಲ್ಲ ನಂಗೆ.”

ಪುಟ್ಟಿ ಹೊಲಿಗೆ ಕಾರ್ಖಾನೆಗೆ ರಜೆ ಹೇಳಿ ಬಂದಳು. ಮಂಚವನ್ನು ಕಿಟಕಿಯ ಹತ್ತಿರಕ್ಕೆ ಎಳೆದಳು. ಮಧ್ಯಾಹ್ನಗಳಲ್ಲಿ ಇಬ್ಬರೂ ಬೀದಿಯಲ್ಲಿ ಹೋಗಿ ಬರುವವರನ್ನೆಲ್ಲ ಆಡಿಕೊಂಡು ನಗುವರು. ನೋವು ಜೋರಾದಾಗ ಪುಟ್ಟಿ ಕಾಲೊತ್ತಲು ಕೂರುವಳು, “ಮೆಲ್ಲಗೆ ಕಣೇ, ಹಿಟ್ಟು ನಾದ್ತಿದ್ದೀಯಾ?” ಎಂದು ಬೈಯುತ್ತಲೇ ಅತ್ತಿಗೆ ಒತ್ತಿಸಿಕೊಳ್ಳುವಳು.

ಡಾಕ್ಟರು ಹೇಳಿದ ಗಡುವು ಇನ್ನೂ ಬಂದಿರಲಿಲ್ಲ. ಒಂದು ಬೆಳಗ್ಗೆ ತಲೆ ಬಾಚಿಸಿಕೊಳ್ಳುತ್ತಿದ್ದ ಅತ್ತಿಗೆ ಹಾಗೇ ಹಿಂದಕ್ಕೆ, ಪುಟ್ಟಿಯ ಎದೆಗೆ ಒರಗಿದಳು. ನಿದ್ದೆ ಹತ್ತಿತೇನೋ ಎಂದುಕೊಂಡ ಪುಟ್ಟಿ, ಎಚ್ಚರವಾದೀತೆಂದು ಅಲುಗಾಡದೆ, ಬಹಳ ಹೊತ್ತು ಹಾಗೆಯೇ ಕೂತಿದ್ದಳು.