ಸೂಗಪ್ಪನ ಸೋಮವಾರ

“ಅಲ್ಲಲ್ಲ, ಇಲ್ಲಿ ತೋಡು!” ಎಂದು ಭಾಗಮ್ಮ ಜಲಾಲುದ್ದೀನನ ಕೈಯಿಂದ ಹಾರೆ ಕಿತ್ತುಕೊಂಡು, ಬದು ದಾಟಿ, ಮೈದುನ ಸಾಯಬಣ್ಣನ ಹತ್ತಿ ಸಾಲಿನ ನಡುವೆ ನೆಟ್ಟಳು. ದೋರನಹಳ್ಳಿಯ ಮನೆಯಲ್ಲಿ ಗಂಡ ಸೂಗಪ್ಪನ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಬಂಧುಗಳು ಬೇಡವೆಂದರೂ ಕೇಳದೆ, ಹೂಳುವ ಕುಣಿಯ ಜಾಗ ತೋರಿಸಲು ಅವಳೇ ಹೊಲಕ್ಕೆ ಬಂದಿದ್ದಳು.

ಜಲಾಲುದ್ದೀನ ಪಕ್ಕದ ಹೊಲದವನು, ಸೂಗಪ್ಪನ ಗೆಳೆಯ. ಮುಖ ಒರೆಸಿಕೊಂಡು ನಿಂತ.

“ಸೂಗಪ್ಪಣ್ಣ ಇದ್ದಿದ್ರ ಬ್ಯಾಡಂತಿದ್ದ, ಯಕ್ಕಾ.”

“ಅವ್ರು ಈಗಿಲ್ಲಲ್ಲ. ನಾ ಹೇಳಾಕತ್ತೀನಿ, ತೋಡು.”

*

ಆರು ವರ್ಷದ ಹಿಂದೆ, ಕಾದು ಕಾದು ಸಾಕಾದ ಮೇಲೆ ಒಂದು ಭಾನುವಾರ ಬಿತ್ತನೆಗೆ ಹದವಾದ ಮಳೆ ಬಿತ್ತು. ಮರುದಿನ ಬೆಳಿಗ್ಗೆ ಸೂಗಪ್ಪ ಎತ್ತುಗಳ ಮೈ ತೊಳೆದು, ಮೇವು ಹಾಕಿ, ಬೇವಿನ ನೆರಳಲ್ಲಿ ಅಡ್ಡಾದ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು. ಊರಲ್ಲಿ ಎಲ್ಲರೂ ಪಾಲಿಸುತ್ತಿದ್ದರು. ಹದ ಬಂದಾಗ ಮಾತ್ರ ಒಬ್ಬೊಬ್ಬರಾಗಿ ಮರೆಯುತ್ತಿದ್ದರು.

“ಹದ ಆರಿ ಹೋದ್ರ ಏನ್ ತಿನ್ನಬೇಕ್ರಿ?” ಭಾಗಮ್ಮ ಕಿರುಚಿದಳು.

“ಆರು ದಿನ ನಾವು ದುಡಿಯೂಣು. ಒಂದಿನ ಶಿವ ದುಡೀಲಿ. ಕೊಡಾಂವ ಅಂವ ಅದಾನ, ಸುಮ್ ಕುಂದ್ರು.”

ಅವನು ಹಾಗೆ ಮಲಗಿದ್ದಾಗಲೇ ತಮ್ಮ ಸಾಯಬಣ್ಣ ಎತ್ತು ಹೂಡಿ, ಹಳೆಯ ಬದು ಒಡೆದು, ಅಣ್ಣನ ಹೊಲದೊಳಗೆ ಎಂಟು ಸಾಲು ನುಗ್ಗಿ ಬಿತ್ತಿ, ಅಲ್ಲೇ ಹೊಸ ಬದು ಹಾಕಿಬಿಟ್ಟ. ಸೂಗಪ್ಪ ನೋಡಿದ. ಏಳಲಿಲ್ಲ. ಮರುದಿನವೂ ಜಗಳಕ್ಕೆ ಹೋಗಲಿಲ್ಲ.

ಆ ವರ್ಷವಾಗಲಿ ಮುಂದೆಯಾಗಲಿ ಅವರ ಮನೆಯಲ್ಲಿ ಜೋಳಕ್ಕೆ ಕೊರತೆಯಾಗಲಿಲ್ಲ. ಭಾಗಮ್ಮನ ಹೊಟ್ಟೆಯುರಿ ಮಾತ್ರ ಆರಲಿಲ್ಲ. ಶಿವ ತಮಗೆ ಕೊಟ್ಟಿದ್ದೇನೋ ಸರಿ, ಕಿತ್ತುಕೊಂಡವನನ್ನು ಸುಮ್ಮನೆ ಬಿಟ್ಟಿದ್ದು ಅವಳಿಗೆ ಸರಿಬರಲಿಲ್ಲ.

*

ಕುಣಿ ಎದೆಮಟ್ಟ ಆಗುವಾಗ ಸಾಯಬಣ್ಣ ಏದುಸಿರು ಬಿಡುತ್ತ ಓಡಿ ಬಂದ.

“ಅತ್ತಿಗಿ, ಬ್ಯಾರೆ ಕಡಿ ತೋಡಸ್ರಿ! ಕುಣಿ ಆದ್ರ ಇಲ್ಲಿ ಯಾರು ಎತ್ತು ಹೊಡಿತಾರ?”

“ಯಾರೂ ಹೊಡಿಯಂಗಿಲ್ಲ. ಇನ್ನ ಈ ಎಂಟು ಸಾಲಿಗಿ ದಿನಾ ಸೋಮವಾರ.”

“ಇದು ನನ್ನ ಹೊಲ!”

“ಹಂಗಾರ ಆ ಮಾತು ನಿಮ್ಮಣ್ಣನ ಹೆಣದ ಮುಂದ ಹೇಳು. ಊರ ಮಂದಿ ಕೇಳಲಿ.”

ಅಷ್ಟರಲ್ಲಿ ಭಜನೆಯ ತಾಳ ಕೇಳಿಸಿತು. ಹೊಲದ ದಾರಿ ತುಂಬ ಜನ. ಸಾಯಬಣ್ಣ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಸೂಗಪ್ಪನನ್ನು ಕುಣಿಯಲ್ಲಿ ಕೂರಿಸಿ, ವಿಭೂತಿ, ಪತ್ರೆ ಹಾಕಿದರು. ಮೊದಲ ಹಿಡಿ ಮಣ್ಣು ಒಡಹುಟ್ಟಿದವನೇ ಹಾಕಲಿ ಎಂದರು ಹಿರಿಯರು. ಸಾಯಬಣ್ಣ ಹಾಕಿದ. ಅದನ್ನು ಭಾಗಮ್ಮ ಕಣ್ತುಂಬ ನೋಡಿದಳು. ಹಿಡಿ ಮಣ್ಣು ಹಾಕಲು ಮುಗಿಬಿದ್ದ ಊರವರ ಕಾಲಡಿ ಹೂಬಿಟ್ಟ ಹತ್ತಿಯೆಲ್ಲ ನೆಲಕಚ್ಚಿತು.

“ಏಳವ್ವ, ಮನಿಗಿ ಹೋಗಿ ಮೈ ತೊಳಕೊಳ್ಳೂಣು. ಕೆಲಸ ರಾಶಿ ಬಿದ್ದಾವ,” ಎಂದಳು ನೆರೆಮನೆಯ ದೇವಕಮ್ಮ.

“ಬಿದ್ದಿರ್ಲಿ.”

ಗಂಡನ ಜೊತೆ ಒಂದು ಸೋಮವಾರವೂ ಕೂತವಳಲ್ಲ ಅವಳು. ಈಗ ಹಸಿ ಮಣ್ಣಿನ ಪಕ್ಕ ಕಾಲು ಚಾಚಿ ಕೂತಳು. ಅಳು ಉಕ್ಕಿ ಬಂತು, ತಡೆಯಲಿಲ್ಲ. ಎದುರಿಗೆ ಸಾಯಬಣ್ಣ ಒಬ್ಬನೇ ಬಗ್ಗಿ, ತುಳಿತಕ್ಕೆ ಸಿಕ್ಕ ಗಿಡಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸುತ್ತಿದ್ದ. ಅವನು ಕೈಬಿಟ್ಟ ಕೂಡಲೇ ಅವು ಮತ್ತೆ ಮಲಗುತ್ತಿದ್ದವು.