ಸೋಮನ ಹಣೆಯ ಕುಳಿ

ಬಣ್ಣಕ್ಕೆಂದು ಕೊಟ್ಟಿದ್ದ, ಊರಮ್ಮನ ಹಬ್ಬದಲ್ಲಿ ತೊಟ್ಟು ಕುಣಿಯುವ ಸೋಮನ ಮರದ ಮುಖವಾಡ ಹೊಸದರಂತೆ ಹೊಳೆಯುತ್ತಾ ಮರಳಿತು. ಊರವರಿಗೆ ಅಷ್ಟೇ ಸಾಕಾಯಿತು. ಹಳೆಯದನ್ನು ಗುಂಡ್ಲುಪೇಟೆಯಲ್ಲಿ ಕೇರಳದವರಿಗೆ ಮಾರಿ ಹೊಸದೊಂದು ಕೆತ್ತಿ ತಂದಿದ್ದಾನೆಂದು, ಬಣ್ಣ ಬಳಿದ ಕೆತ್ತನೆಯ ಸಿದ್ದಯ್ಯನನ್ನು ಗುಡಿಯ ಮುಂದೆ ನಿಲ್ಲಿಸಿದರು. ನಿಜವಾದರೆ ಅವನು ಇನ್ನು ದೇವರ ಕೆಲಸಕ್ಕೆ ಉಳಿ ಮುಟ್ಟುವಂತಿಲ್ಲ.

“ಒಳಗೆ ಕೈ ಆಕಿ ನೋಡ್ಲಾ ಮಾದೇಶ” ಎಂದ ಸಿದ್ದಯ್ಯ.

ಮಾದೇಶನ ತೀರಿಕೊಂಡ ಅಪ್ಪ ಮೂವತ್ತು ವರ್ಷ ಅದನ್ನು ತೊಟ್ಟು ಕುಣಿದವರು. ಅವರ ಹಣೆಯ ಗಂಟು ತಾಗಿ ಸವೆದ ಕುಳಿ ಅಲ್ಲೇ, ಮಾದೇಶನ ಬೆರಳಿಗೆ ಸಿಕ್ಕಿತು.

“ಕುಳಿನೂ ನೀನೇ ಕೆತ್ಬುಟ್ಟಿದ್ರೆ, ಸಿದ್ದಣ್ಣ?”

“ನಿಮ್ಮಪ್ಪನ ಬೆವ್ರು ವಾಸ್ನೆನೂ ನಾನೇ ಬಳ್ದ್ನಾ? ಮೂಸು ಕಣ್ಲಾ.”

ಮಾದೇಶ ಮುಖವಾಡದೊಳಗೆ ಮುಖವಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ತೆಗೆದಾಗ ಕಣ್ಣು ಒದ್ದೆಯಾಗಿತ್ತು.

“ಇದು ನಮ್ದೇಯ. ಬಣ್ಣ ಘಾಟು, ಅಷ್ಟೇ.”

ಊರವರು ಮೊದಲನೆಯ ಮಾತನ್ನು ಮಾತ್ರ ನಂಬಿದರು.